ಸವಾಲು ಕೊಟ್ಟ ಕಂಪನಿಗೂ ಕೆಲಸವಿದೆ

ಕಂಪನಿಗಳು ವಿದ್ಯಾರ್ಥಿಗಳಿಗೆ ಕೊಡುವ ತಾಂತ್ರಿಕ ಸವಾಲುಗಳ ಮಾತು ಬಂದರೆ ಈಗ ಎಲ್ಲರ ಬಾಯಲ್ಲೂ ಹ್ಯಾಕಥಾನ್. 2017ರಲ್ಲಿ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಶುರುವಾದ ಮೇಲಂತೂ ಈ ಪದ್ಧತಿ ಹುಟ್ಟಿದ್ದೇ ಆಗ ಎನ್ನುವಂತಾಗಿದೆ. ಆದರೆ ಇದರ ಬೇರು ಹಳೆಯದು. 1906ರಲ್ಲಿ ಸಿನ್ಸಿನಾಟಿಯಲ್ಲಿ ಹರ್ಮನ್ ಷ್ನೈಡರ್ ವಿದ್ಯಾರ್ಥಿಗಳನ್ನು ಸರದಿಯಂತೆ ತರಗತಿಗೂ ಕಾರ್ಖಾನೆಗೂ ಕಳಿಸಿದರು. ವಿದ್ಯಾರ್ಥಿಗಳು ಕಸುಬು ಕಲಿತರು, ಸಮಸ್ಯೆ ಮಾತ್ರ ಮಾಲೀಕನ ಬಳಿಯೇ ಉಳಿಯಿತು. ಸಮಸ್ಯೆಯನ್ನೇ ಕಾಲೇಜಿನೊಳಕ್ಕೆ ತಂದದ್ದು 1963ರಲ್ಲಿ ಕ್ಯಾಲಿಫೋರ್ನಿಯಾದ ಹಾರ್ವೆ ಮಡ್ ಕಾಲೇಜು ಆರಂಭಿಸಿದ ಎಂಜಿನಿಯರಿಂಗ್ ಕ್ಲಿನಿಕ್. ಕಂಪನಿ ಶುಲ್ಕ ಕಟ್ಟಿ ಸವಾಲು ಒಪ್ಪಿಸುತ್ತದೆ, ನಾಲ್ಕೈದು ವಿದ್ಯಾರ್ಥಿಗಳ ತಂಡ ಶೈಕ್ಷಣಿಕ ವರ್ಷವಿಡೀ ಅದರ ಬೆನ್ನು ಹತ್ತುತ್ತದೆ. ದುಡ್ಡಿಗಿಂತ ದೊಡ್ಡದಾದ ಇನ್ನೊಂದು ಕರಾರಿದೆ: ತಂಡದೊಡನೆ ಬಿಡದೆ ಮಾತಾಡಲು ಕಂಪನಿ ತನ್ನೊಬ್ಬ ಎಂಜಿನಿಯರ್‌ನನ್ನು ಕೊಡಬೇಕು. ಆಮೇಲೆ ಬಂದ ಪ್ರಯೋಗಗಳು ನಿಂತದ್ದೂ ಬಿದ್ದದ್ದೂ ಬಹುಮಟ್ಟಿಗೆ ಈ ಕರಾರಿನ ಮೇಲೆ.

ಈ ಪದ್ಧತಿಯನ್ನು ಪ್ರೌಢಾವಸ್ಥೆಗೆ ತಂದದ್ದು ಸ್ಟ್ಯಾನ್‌ಫರ್ಡಿನ ಎಂಇ310 ಕೋರ್ಸು. 1960ರ ದಶಕದಲ್ಲಿ ಮೊಳೆತ ಇದು ಲ್ಯಾರಿ ಲೈಫರ್ ಅವರ ಕೈಯಲ್ಲಿ ಹದಗೊಂಡು, ಬೇರೆ ದೇಶಗಳ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನೂ ತಂಡಕ್ಕೆ ಸೇರಿಸಿಕೊಂಡಿತು. ಮೊದಲ ಕೆಲಸ ಕಾಗದ, ರಟ್ಟಿನಿಂದ ಸೈಕಲ್ ಕಟ್ಟುವುದು. ಕಟ್ಟಿದವರೇ ಹತ್ತಿ ಓಡಿಸಿ ತೋರಿಸಬೇಕು. ನಕ್ಷೆಯಲ್ಲಿ ಗಟ್ಟಿಯಾಗಿ ಕಂಡದ್ದು ಮೈಭಾರಕ್ಕೆ ಎಲ್ಲಿ ಕುಸಿಯುತ್ತದೆಂದು ಯಾವ ಉಪನ್ಯಾಸವೂ ಇಷ್ಟು ಚೆನ್ನಾಗಿ ಹೇಳಲಾರದು. ನಡುವೆ ‘ಡಾರ್ಕ್ ಹಾರ್ಸ್’ ಹಂತ ಬರುತ್ತದೆ: ಆಗದು, ಹೋಗದು ಎಂದು ಬದಿಗಿಟ್ಟ ಕಲ್ಪನೆಯೊಂದನ್ನೇ ಎತ್ತಿಕೊಂಡು ಮಾದರಿ ಮಾಡಿ ಪರೀಕ್ಷಿಸಬೇಕು. ಕಂಪನಿ ಕೇಳಿದ ಪ್ರಶ್ನೆಯೇ ಸರಿಯಿಲ್ಲದಿರಬಹುದು ಎಂಬ ಗುಮಾನಿಗೆ ಇಲ್ಲಿ ಅವಕಾಶವಿದೆ. ನನ್ನ ಲೆಕ್ಕದಲ್ಲಿ ವಿನ್ಯಾಸದ ಶಿಕ್ಷಣ ಶುರುವಾಗುವುದೇ ಆಗ.

ನಮ್ಮಲ್ಲಿ ಬಿಟ್ಸ್ ಪಿಲಾನಿ 1973ರಲ್ಲೇ ವಿದ್ಯಾರ್ಥಿಗಳನ್ನು ಉದ್ಯಮಗಳಿಗೆ ಕಳಿಸಿ ಕಲಿಸುವ ಪ್ರಾಕ್ಟೀಸ್ ಸ್ಕೂಲ್ ತೆರೆಯಿತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಅಂತಿಮ ವರ್ಷದ ಪ್ರಾಜೆಕ್ಟುಗಳಿಗೆ ಸಣ್ಣ ಮೊತ್ತದ ನೆರವು ಕೊಡುತ್ತ ಬಂದಿದೆ. ಅಲ್ಲಿ ಕಂಪನಿ ಇರಲೇಬೇಕೆಂದಿಲ್ಲ. ಆದರೆ ಸುತ್ತಲಿನ ಬದುಕಿನ ತೊಡಕೂ ಎಂಜಿನಿಯರಿಂಗ್ ಸವಾಲೇ ಎಂದು ಒಪ್ಪಿಕೊಂಡ ಈ ಯೋಜನೆಯನ್ನು ಹ್ಯಾಕಥಾನ್ ಉತ್ಸಾಹಿಗಳು ನೆನೆಯುವುದೇ ಇಲ್ಲ. ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿಗಳು ಬೆಂಗಳೂರಿನಲ್ಲಿ ಬೆಳೆದ ಕಾಲದಲ್ಲೂ ಅದು ನಡೆದುಕೊಂಡೇ ಬಂತು.

ಹ್ಯಾಕಥಾನ್ ಸಣ್ಣ ಊರಿನ ಕಾಲೇಜುಗಳಿಗೂ ಬಾಗಿಲು ತೆರೆಯಿತಲ್ಲ ಎನ್ನುವವರಿದ್ದಾರೆ. ನಿಜ, ಆ ಪುಣ್ಯ ಅದಕ್ಕೆ ಸಲ್ಲಬೇಕು. ಆದರೆ 36 ಗಂಟೆಗಳಲ್ಲಿ ಉತ್ತರ ಕಟ್ಟಬಹುದು, ಪ್ರಶ್ನೆಯನ್ನು ತಿದ್ದಲು ಪುರುಸೊತ್ತಿಲ್ಲ. ಸಮಸ್ಯೆ ಅನುಭವಿಸುವವರನ್ನು ಮಾತಾಡಿಸಿ, ಕೆಟ್ಟ ಮಾದರಿಯನ್ನು ಬಿಚ್ಚಿ ಮತ್ತೆ ಕಟ್ಟುವುದಂತೂ ದೂರ. ಕಂಪನಿಗಳಿಗೆ ಇದೆಲ್ಲ ಅಗ್ಗದ ದುಡಿಮೆ ಎಂಬ ಎಡದ ಆಕ್ಷೇಪವೂ ಪೂರ್ತಿ ಸುಳ್ಳಲ್ಲ, ಹಾರ್ವೆ ಮಡ್ ಮಾದರಿಯಲ್ಲೂ ಫಲಿತಾಂಶದ ಹಕ್ಕು ಸವಾಲು ಕೊಟ್ಟವರಿಗೇ. ಆದರೂ ವರ್ಷವಿಡೀ ತನ್ನ ಎಂಜಿನಿಯರ್‌ನ ಸಮಯ ಕೊಡುವ ಕಂಪನಿ ಸುಮ್ಮನೆ ಲಾಭ ಹೊಡೆಯುತ್ತಿಲ್ಲ. ಒಂದು ದಿನ ಬಂದು ಬಹುಮಾನದ ಚೆಕ್ ಕೊಟ್ಟು ಹೋಗುವವರನ್ನು ಅನುಮಾನಿಸಬೇಕು. ನಮ್ಮ ಬರಹಗಳಲ್ಲಿ ಗೆದ್ದ ತಂಡಗಳ ಫೋಟೊ ಧಾರಾಳವಾಗಿ ಸಿಗುತ್ತದೆ. ಆ ಮಾದರಿ ಆಮೇಲೆ ಯಾರ ಕೈ ಸೇರಿತು, ಕಂಪನಿ ಅದನ್ನು ಬಳಸಿತೇ, ಬಳಸದಿದ್ದರೆ ಏಕೆ ಎಂದು ಬರೆದಿಟ್ಟದ್ದು ಅಪರೂಪ. ಅದನ್ನು ಬರೆಯಬಲ್ಲವರು ಸವಾಲು ಕೊಟ್ಟವರೇ. ಕಾಲೇಜುಗಳು ಒಪ್ಪಂದಕ್ಕೆ ಸಹಿ ಹಾಕುವಾಗ ಅದನ್ನೂ ಕೇಳಿ ಪಡೆಯಬಹುದು.