‘ಸೈಜು’ ಎಂಬ ಮಾತಿನ ಪೂರ್ವೋತ್ತರ

ಅಂಗಿ ಹೊಲಿಸುವಲ್ಲಿ, ಪಾತ್ರೆ ಕೊಳ್ಳುವಲ್ಲಿ, ಫೋಟೋಕ್ಕೆ ಕಟ್ಟು ಹಾಕಿಸುವಲ್ಲಿ ನಾವೆಲ್ಲರೂ ಆಡುವ ಮಾತು ‘ಸೈಜು’. ಇಂಗ್ಲಿಷಿನ ಗಂಧವಿಲ್ಲದ ಅಜ್ಜಿಯೂ “ಈ ಸೈಜು ಸಾಲದು” ಎನ್ನುವುದುಂಟು. ಅಳತೆ, ಗಾತ್ರ, ಪ್ರಮಾಣ ಎಂಬ ಮಾತುಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೂ ಇದು ಬಂದು ಮನೆಯೊಳಗೆ ಕುಳಿತುಬಿಟ್ಟಿದೆ. ಕುಳಿತಿದೆ ಎಂದೆನಷ್ಟೆ? ಈ ಮಾತಿನ ಹುಟ್ಟೇ ಕುಳಿತುಕೊಳ್ಳುವುದರಲ್ಲಿದೆ.

ಲ್ಯಾಟಿನ್ ಭಾಷೆಯಲ್ಲಿ ‘ಅಸಿಡೇರೆ’ ಎಂದರೆ ಬಳಿಯಲ್ಲಿ ಕೂಡುವುದು. ಅದರಿಂದ ಹಳೆಯ ಫ್ರೆಂಚಿನಲ್ಲಿ ‘ಅಸೀಸ್’ ಎಂಬ ಮಾತು ಬಂತು. ಕುಳಿತ ಸಭೆ ಎಂದರ್ಥ. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ನ್ಯಾಯಸ್ಥಾನಗಳಿಗೆ ಫ್ರೆಂಚ್ ಮಾತುಗಳು ನುಗ್ಗಿದುವು. ಇದೂ ‘ಅಸೈಜ್’ ಎಂದಾಗಿ, ಮೊದಲು ನ್ಯಾಯಸಭೆಗೂ, ಆಮೇಲೆ ಆ ಸಭೆ ಹೊರಡಿಸಿದ ಕಟ್ಟಳೆಗೂ ಹೆಸರಾಯಿತು. ಲ್ಯಾಟಿನ್ನಿನ ‘ಸೆಡ್’, ಸಂಸ್ಕೃತದ ‘ಸದ್’ ಇವೆರಡು ಧಾತುಗಳೂ ಒಂದೇ ತಾಯ ಮಕ್ಕಳು. ನಮ್ಮ ಸದಸ್ಯ, ಸಂಸತ್ತು, ಪರಿಷತ್ತು ಎಲ್ಲ ಆ ಬಳಗವೇ. ಗುರುವಿನ ಬಳಿ ಕುಳಿತು ಪಡೆದ ವಿದ್ಯೆ ಉಪನಿಷತ್ತು. ದರ್ಜಿಯ ಸೈಜಿಗೂ ಉಪನಿಷತ್ತಿಗೂ ನಂಟುಂಟೆಂದರೆ ವೈದಿಕರು ನಕ್ಕಾರು. ವ್ಯಾಕರಣ ಮಾತ್ರ ನಗುವುದಿಲ್ಲ.

ಈ ಕಟ್ಟಳೆಗಳಲ್ಲಿ ಜನರ ಹೊಟ್ಟೆಗೆ ಹತ್ತಿರವಾದದ್ದು ಮೂರನೆಯ ಹೆನ್ರಿಯ ಕಾಲದ್ದು. ಸಾಮಾನ್ಯವಾಗಿ 1266ರದೆಂದು ಹೇಳುತ್ತಾರೆ. ಅದು ರೊಟ್ಟಿ ಮತ್ತು ‘ಏಲ್’ ಎಂಬ ಮದ್ಯವನ್ನು ಕುರಿತದ್ದು. ಅದರ ಯುಕ್ತಿ ನೋಡಿ. ರೊಟ್ಟಿಯ ಬೆಲೆ ಏರುವಂತಿಲ್ಲ, ಇಳಿಯುವಂತಿಲ್ಲ. ಒಂದು ಫಾರ್ದಿಂಗ್, ಎಂದರೆ ಕಾಲು ಪೆನ್ನಿ. ಗೋದಿಯ ದರಕ್ಕೆ ತಕ್ಕಂತೆ ಬದಲಾಗುವುದು ರೊಟ್ಟಿಯ ತೂಕ. ಒಂದು ‘ಕ್ವಾರ್ಟರ್’ ಗೋದಿಗೆ 12 ಪೆನ್ನಿಯಾದರೆ ಫಾರ್ದಿಂಗಿನ ಬಿಳಿ ರೊಟ್ಟಿ 6 ಪೌಂಡು 16 ಷಿಲಿಂಗು ತೂಗಬೇಕು. ಗೋದಿ 18 ಪೆನ್ನಿಗೇರಿದರೆ 4 ಪೌಂಡು 10 ಷಿಲಿಂಗು 8 ಪೆನ್ನಿ. ಆಗ ಬೆಳ್ಳಿಯ ನಾಣ್ಯವೇ ತೂಕದ ಬಟ್ಟು. 240 ಪೆನ್ನಿಗೆ ಒಂದು ಪೌಂಡು. ಮನೆಯಲ್ಲಿ ಲೆಕ್ಕ ಬಲ್ಲ ಮಕ್ಕಳಿದ್ದರೆ ಹಾಕಿಸಿ ನೋಡಿ, ‘ಲೀಲಾವತಿ’ಯ ವ್ಯಸ್ತ ತ್ರೈರಾಶಿಕಕ್ಕೆ ಕೂದಲೆಳೆಯಷ್ಟೂ ತಪ್ಪದು.

ಬಡವನ ಕೈಯಲ್ಲಿರುವುದು ಒಂದೇ ಕಾಸು. ಅದಕ್ಕೆ ಎಷ್ಟು ರೊಟ್ಟಿ ಸಿಕ್ಕಬೇಕೆಂಬುದನ್ನು ರೊಟ್ಟಿ ಸುಡುವವನ ದಯೆಗೆ ಬಿಡಲಿಲ್ಲ. ತೂಕದಲ್ಲಿ ಮೋಸ ಮಾಡಿದವನಿಗೆ ಲಂಡನ್ನಿನಲ್ಲಿ ಆಗುತ್ತಿದ್ದ ಶಿಕ್ಷೆ 1419ರಲ್ಲಿ ಸಂಕಲಿಸಿದ ಆ ನಗರದ ಕಟ್ಟಳೆಗಳ ಗ್ರಂಥದಲ್ಲಿದೆ. ಮೊದಲ ತಪ್ಪಿಗೆ, ಖೋಟಾ ರೊಟ್ಟಿಯನ್ನು ಕೊರಳಿಗೆ ಕಟ್ಟಿ ಕೊಳಕು ಬೀದಿಗಳಲ್ಲಿ ಎಳೆದಾಡಿಸುವುದು. ಎರಡನೆಯದಕ್ಕೆ, ಎಲ್ಲರೂ ನೋಡುವಂತೆ ಮರದ ಕೋಳಕ್ಕೆ ಸಿಕ್ಕಿಸಿ ಒಂದು ಗಂಟೆ ನಿಲ್ಲಿಸುವುದು. ಮೂರನೆಯ ಸಲ ಒಲೆಯನ್ನೇ ಕೆಡವಿ, ಕಸುಬನ್ನು ಬಿಡಿಸುವುದು.

‘ಅಸೈಜ್’ ಜನರ ಬಾಯಲ್ಲಿ ತಲೆ ಕಳೆದುಕೊಂಡು ‘ಸೈಜ್’ ಆಯಿತು. ನಾವು ಸ್ಕೂಲಿನ ಮುಂದೆ ಸ್ವರ ಸೇರಿಸಿ ಇಸ್ಕೂಲು ಮಾಡಿದೆವು. ಅವರು ಇದ್ದ ಸ್ವರವನ್ನು ಬಿಟ್ಟರು. ಅರ್ಥವೂ ಸರಿಯಿತು. ಕಟ್ಟಳೆ ಹೋಗಿ, ಕಟ್ಟಳೆ ಗೊತ್ತುಮಾಡಿದ ಪಾಲು ಎಂದಾಯಿತು. ಈ ಹಂತದ ಸೈಜಿಗೆ ನಮ್ಮ ಸರಿಯಾದ ಮಾತು ಗಾತ್ರವಲ್ಲ, ‘ಪಡಿ’. ಪಡಿ ಎಂದರೆ ಅಳೆಯುವ ಪಾತ್ರೆಯೂ ಹೌದು, ಅಳೆದು ಕೊಡುವ ಅಕ್ಕಿಯೂ ಹೌದು. ಷೇಕ್ಸ್‌ಪಿಯರನ ಮುದಿದೊರೆ ಲಿಯರ್, ಮಗಳು ತನಗೆ ಕೊಡಬೇಕಾದ ಪಡಿಯ ವಿಚಾರವೆತ್ತುವಾಗ ಈ ಮಾತನ್ನೇ ಬಳಸುತ್ತಾನೆ, ರಾಜ್ಯವನ್ನೇ ಹಂಚಿಕೊಟ್ಟವನು! ಕೇಂಬ್ರಿಜ್ಜಿನ ಕಾಲೇಜುಗಳಲ್ಲಿ ವಿದ್ಯಾರ್ಥಿಯ ರೊಟ್ಟಿ-ಬಿಯರಿನ ಪಾಲಿಗೂ ಸೈಜ್ ಎಂದೇ ಹೆಸರು. ಊಟಕ್ಕೆ ಬದಲಾಗಿ ಉಳ್ಳವರಿಗೆ ಬಡಿಸುವ, ಚಾಕರಿ ಮಾಡುವ ಬಡ ಹುಡುಗರು ‘ಸೈಜರ್’ಗಳು. 1661ರಲ್ಲಿ ಟ್ರಿನಿಟಿ ಕಾಲೇಜಿಗೆ ಸೇರಿದ ಐಸಾಕ್ ನ್ಯೂಟನ್ ಇಂಥ ಒಬ್ಬ ಹುಡುಗ. ಡಬ್ಲಿನ್ನಿನಲ್ಲಿ ಓದಿದ ಕವಿ ಗೋಲ್ಡ್‌ಸ್ಮಿತ್ ಇನ್ನೊಬ್ಬ. ನಮ್ಮ ವಾರಾನ್ನದ ಹುಡುಗರಾದರೂ ಉಂಡೆಲೆ ಎತ್ತಿ ಓದಿದವರೇ.

ಪಾಲು ಎಷ್ಟು ದೊಡ್ಡದು ಎನ್ನುವಲ್ಲಿಂದ, ಯಾವ ವಸ್ತುವಾಗಲಿ ಎಷ್ಟು ದೊಡ್ಡದು ಎನ್ನುವಲ್ಲಿಗೆ ಮಾತು ಜಾರಲು ಹೆಚ್ಚು ದೂರವಿರಲಿಲ್ಲ. ರೊಟ್ಟಿಯ ಕಟ್ಟಳೆ ಲಂಡನ್ನಿನಲ್ಲಿ 1822ರಲ್ಲೂ ಉಳಿದೆಡೆ 1836ರಲ್ಲೂ ರದ್ದಾಯಿತು. ‘ಅಸೈಜ್’ ಕೋರ್ಟುಗಳು ಇಂಗ್ಲೆಂಡಿನಲ್ಲಿ 1972ರವರೆಗೆ ನಡೆದುವು. ಅದೇ ಧಾತುವಿನ ಸೆಷನ್ಸ್ ಕೋರ್ಟು ನಮ್ಮ ಜಿಲ್ಲೆಗಳಲ್ಲಿದೆ. ತೆರಿಗೆಯ ಮೇಲೆ ಬೀಳುವ ‘ಸೆಸ್’ ಕೂಡ ‘ಅಸೆಸ್’ ಎಂಬುದರ ತಲೆ ಹಾರಿಸಿದ ರೂಪವೇ.

ಧಾನ್ಯದ ನೆನಪು ಒಂದೆಡೆ ಉಳಿದಿದೆ, ಜೋಡಿನ ನಂಬರಿನಲ್ಲಿ. ಇಂಗ್ಲಿಷ್ ಲೆಕ್ಕದಲ್ಲಿ ಏಳನೆಯ ಸೈಜಿಗೂ ಎಂಟನೆಯದಕ್ಕೂ ಇರುವ ಅಂತರ ಇಂಚಿನ ಮೂರರಲ್ಲೊಂದು ಪಾಲು. ಅದರ ಹೆಸರು ‘ಬಾರ್ಲಿಕಾರ್ನ್’: ಒಂದು ಜವೆಗೋದಿ ಕಾಳಿನುದ್ದ.