ಕಂಪನಿ ಸಾಹೇಬರ ಬೀರು, ತಿರುಚಿನಾಪಳ್ಳಿಯ ಚುಟ್ಟಾ

ಈಗ ಪುಣೆ, ಮುಂಬಯಿ, ಬೆಂಗಳೂರು ಎಲ್ಲಿ ಹೋದರೂ ಹೊಸ ನಮೂನೆಯ ಬೀರು ಅಂಗಡಿಗಳ ಮೆನು ಕಾರ್ಡಿನಲ್ಲಿ ಐಪಿಎ ಎಂಬ ಮೂರಕ್ಷರ ಕಾಣುತ್ತದೆ. ಪೂರ್ತಿ ಹೆಸರು ಇಂಡಿಯಾ ಪೇಲ್ ಏಲ್. ನಮ್ಮ ಆಫೀಸಿನ ಹುಡುಗರ ಪಾಲಿಗೆ ಇದು ಮೊನ್ನೆ ಮೊನ್ನೆ ಅಮೆರಿಕದಿಂದ ಬಂದ ಸರಕು. "ಸಾರ್, ಇದರ ಜೊತೆ ಒಂದು ಸಿಗಾರ್ ಇದ್ದರೆ ಜೋಡಿ ಭಾರೀ ಚೆನ್ನಾಗಿರುತ್ತಂತೆ" ಎಂದು ಒಬ್ಬ ನನಗೇ ಪಾಠ ಹೇಳಿದ. ಈ ಜೋಡಿಯ ಜಾತಕ ಹುಡುಕಿದರೆ ಅದು ಬಂದು ನಿಲ್ಲುವುದು ನಮ್ಮ ನಾಡಿನ ಜಗಲಿಯಲ್ಲೇ ಮಾರಾಯರೇ.

ಮೊದಲು ಇಂಗ್ಲೆಂಡಿನ ಮಾತು. ಅಲ್ಲಿ ಏಲ್ ಮತ್ತು ತಂಬಾಕು ಒಟ್ಟಿಗೆ ಕೂತದ್ದು ಹದಿನೇಳನೇ ಶತಮಾನದ ಹೊತ್ತಿಗೇ. 1604ರಲ್ಲಿ ಒಂದನೇ ಜೇಮ್ಸ್ ದೊರೆ ತಂಬಾಕನ್ನು ಬೈದು ಪುಸ್ತಕವನ್ನೇ ಬರೆದ, ಸುಂಕವನ್ನೂ ಏರಿಸಿದ. ಜನ ಕೇಳಲಿಲ್ಲ. ಆದರೆ ಹೆಂಡದಂಗಡಿಯಲ್ಲಿ ಅವರು ಸೇದುತ್ತಿದ್ದದ್ದು ಸಿಗಾರ್ ಅಲ್ಲ, ಬಿಳೀ ಜೇಡಿಮಣ್ಣಿನ ಉದ್ದ ಕೊಳವೆ. ಸಿಗಾರ್ ಅಲ್ಲಿ ಬಳಕೆಗೆ ಬಂದದ್ದು ಬಹಳ ತಡವಾಗಿ. ನೆಪೋಲಿಯನ್ನನ ವಿರುದ್ಧ 1808ರಿಂದ 1814ರವರೆಗೆ ಸ್ಪೇನ್, ಪೋರ್ಚುಗಲ್‌ಗಳಲ್ಲಿ ಕಾದಿದ ಸೈನಿಕರು ಆ ಚಟವನ್ನು ಹೊತ್ತುಕೊಂಡು ಊರಿಗೆ ಮರಳಿದರು. ಆಮೇಲೂ ಸಿಗಾರ್ ಸಿರಿವಂತರದ್ದೇ. ಊಟ ಮುಗಿದು ಹೆಂಗಸರು ಎದ್ದು ಹೋದ ಮೇಲೆ, ಪೋರ್ಟ್ ವೈನೋ ಬ್ರಾಂದಿಯೋ ಹಿಡಿದು ಕೂತವರ ಬೆರಳಿನ ನಡುವೆ ಅದು. ಬೀರು ಕೂಲಿಯವನದು, ಜೊತೆಗೆ ಮಣ್ಣಿನ ಕೊಳವೆ. ಎರಡು ಪಂಕ್ತಿ, ಎರಡು ಜಾತಿ ಅನ್ನಿ.

ಈ ಪಂಕ್ತಿಭೇದ ಸಡಿಲವಾದದ್ದು ಹಿಂದೂಸ್ಥಾನದಲ್ಲಿ. ಅದಕ್ಕೆ ಕಾರಣ ರುಚಿಗಿಂತ ಹೆಚ್ಚಾಗಿ ಹಡಗಿನ ಬಾಡಿಗೆ ಮತ್ತು ಸಾಲ.

ಲಂಡನ್ನಿನ ಪೂರ್ವಕ್ಕೆ ಬೋ ಎಂಬ ಊರು. ಅಲ್ಲಿ 1752ರಲ್ಲಿ ಜಾರ್ಜ್ ಹಾಡ್ಜ್‌ಸನ್ ಎಂಬಾತ ಬೀರು ತಯಾರಿಸಲು ಶುರುಮಾಡಿದ. ಅವನೇನೂ ದೊಡ್ಡ ಕುಳವಲ್ಲ. ಅವನ ಅದೃಷ್ಟವೆಂದರೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ತಂಗುತ್ತಿದ್ದ ಬ್ಲ್ಯಾಕ್‌ವಾಲ್ ಅಲ್ಲಿಂದ ಕೂಗಳತೆ. ಆ ಹಡಗುಗಳ ಕಪ್ತಾನರಿಗೆ ಸ್ವಂತ ವ್ಯಾಪಾರಕ್ಕೆಂದು ಒಂದಿಷ್ಟು ಜಾಗ ಇರುತ್ತಿತ್ತು. ಬರುವಾಗ ಬಟ್ಟೆ, ಸಾಂಬಾರ ಪದಾರ್ಥ ತುಂಬಿಕೊಂಡು ಬರುವ ಹಡಗು ಹೋಗುವಾಗ ಮುಕ್ಕಾಲು ಖಾಲಿ. ಹಾಗಾಗಿ ಸಾಗಣೆ ಅಗ್ಗ. ಹಾಡ್ಜ್‌ಸನ್ ಈ ಕಪ್ತಾನರಿಗೆ ಹದಿನೆಂಟು ತಿಂಗಳವರೆಗೂ ಉದ್ದರಿ ಕೊಟ್ಟ. ಹೋಗಿ, ಮಾರಿ, ತಿರುಗಿ ಬರಲು ಹೆಚ್ಚುಕಮ್ಮಿ ಅಷ್ಟೇ ಕಾಲ ಬೇಕು. ಸಾಲದ ಇಲಾಖೆಯಲ್ಲಿ ವರ್ಷಗಟ್ಟಲೆ ಕೂತ ನನಗೆ ಇದನ್ನು ಓದಿ ಕೈ ಮುಗಿಯಬೇಕೆನಿಸಿತು. ಸಾಲಗಾರನ ಕೈಗೆ ದುಡ್ಡು ಬರುವ ದಿನ ನೋಡಿ ಕಂತು ಗೊತ್ತುಮಾಡು ಎಂದು ನಮಗೆ ಟ್ರೇನಿಂಗಿನಲ್ಲಿ ಹೇಳುವುದೂ ಇದನ್ನೇ ಅಲ್ಲವೇ?

ಐಪಿಎ ಬಗ್ಗೆ ಒಂದು ಕತೆ ನೀವೂ ಕೇಳಿರಬಹುದು. ಉಳಿದ ಬೀರೆಲ್ಲ ಹಡಗಿನಲ್ಲಿ ಹುಳಿಯಾಗುತ್ತಿತ್ತು, ಹಾಡ್ಜ್‌ಸನ್ ಯೋಚನೆ ಮಾಡಿ ಹಾಪ್ಸ್ ಹೂ ಜಾಸ್ತಿ ಹಾಕಿ ಹೊಸ ಬೀರು ಕಂಡುಹಿಡಿದ ಅಂತ. ನಾನು ಇದನ್ನು ಒಪ್ಪುವುದಿಲ್ಲ. ಕಪ್ಪನೆಯ ಪೋರ್ಟರ್ ಬೀರೂ ಪೀಪಾಯಿಗಟ್ಟಲೆ ಇಲ್ಲಿಗೆ ಬರುತ್ತಿತ್ತು, ಸೈನಿಕರು ಕುಡಿಯುತ್ತಿದ್ದರು. ದೂರ ಕಳಿಸುವ ಬೀರಿಗೆ ಹಾಪ್ಸ್ ಹೆಚ್ಚು ಹಾಕಬೇಕೆಂಬುದು ಅಲ್ಲಿನವರಿಗೆ ಮೊದಲೇ ತಿಳಿದಿದ್ದ ವಿದ್ಯೆ. ಜಮೀನ್ದಾರರ ಮನೆಗಳಲ್ಲಿ ಅಕ್ಟೋಬರಿನಲ್ಲಿ ಮಾಡಿ ವರ್ಷಗಟ್ಟಲೆ ನೆಲಮಾಳಿಗೆಯಲ್ಲಿಡುವ ತಿಳಿಬಣ್ಣದ ಏಲ್ ಇತ್ತು. ಅಂಥದೇ ಏಲ್ ಸಮುದ್ರದ ಮೇಲೆ ತಿಂಗಳುಗಟ್ಟಲೆ ಹೊಯ್ದಾಡಿ, ಎರಡು ಸಲ ಭೂಮಧ್ಯರೇಖೆ ದಾಟಿ, ಇಲ್ಲಿಗೆ ಮುಟ್ಟುವ ಹೊತ್ತಿಗೆ ಹದವಾಗಿ ಮಾಗಿರುತ್ತಿತ್ತು.

ಅಂಗಡಿ ಬೆಳೆಯಿತು, ಮುಂದಿನ ತಲೆಮಾರಿನ ತಲೆ ತಿರುಗಿತು. 1820ರ ಆಸುಪಾಸಿನಲ್ಲಿ ಹಾಡ್ಜ್‌ಸನ್ನನ ವಾರಸುದಾರರು ಉದ್ದರಿ ನಿಲ್ಲಿಸಿದರು, ಬೆಲೆ ಏರಿಸಿದರು, ಕಪ್ತಾನರನ್ನು ಬದಿಗೆ ಸರಿಸಿ ತಾವೇ ಸರಕು ಕಳಿಸತೊಡಗಿದರು. ಬೇರೆಯವರ ಬೀರು ಬಂದಾಗ ಬೆಲೆ ನೆಲಕ್ಕಿಳಿಸಿ ಅವರನ್ನು ಓಡಿಸುವುದು, ಆಮೇಲೆ ಮತ್ತೆ ಏರಿಸುವುದು. ಕಂಪನಿಯವರಿಗೆ ಸಿಟ್ಟು ಬಂತು. ಕಂಪನಿಯ ನಿರ್ದೇಶಕ ಕ್ಯಾಂಪ್‌ಬೆಲ್ ಮಾರ್ಜೋರಿಬ್ಯಾಂಕ್ಸ್ 1822ರಲ್ಲಿ ಬರ್ಟನ್ ಊರಿನ ಸ್ಯಾಮ್ಯುಯೆಲ್ ಆಲ್ಸಪ್‌ಗೆ ಹಾಡ್ಜ್‌ಸನ್ ಬೀರಿನ ಬಾಟಲಿ ತೋರಿಸಿ, ನೀನೂ ಇಂಥದ್ದು ಮಾಡು ಎಂದ. ರಷ್ಯಾ ಸುಂಕ ಹೆಚ್ಚಿಸಿದ್ದರಿಂದ ಬರ್ಟನ್ನಿನವರ ಹಳೇ ಮಾರುಕಟ್ಟೆ ಮುಚ್ಚಿಹೋಗುವ ಹೊತ್ತು ಅದು. ಆಲ್ಸಪ್‌ನ ಕೈಕೆಳಗಿನ ಜಾಬ್ ಗುಡ್‌ಹೆಡ್ ಮೊದಲ ಮಾದರಿಯನ್ನು ಒಂದು ಟೀ ಪಾಟಿನಲ್ಲಿ ತಯಾರಿಸಿದ ಎಂದು ಬರ್ಟನ್ನಿನವರು ಹೇಳಿಕೊಂಡು ಬಂದಿದ್ದಾರೆ. ಬರ್ಟನ್ ಬಾವಿಗಳ ನೀರಿನಲ್ಲಿ ಜಿಪ್ಸಮ್ ಇದೆ. ಆ ನೀರಿನಲ್ಲಿ ಹಾಪ್ಸ್ ಕಹಿ ಒಣಗಿದ ಹಾಗೆ, ಚೊಕ್ಕಟವಾಗಿ ಮೇಲೆ ಬರುತ್ತದೆ. ಹಾಡ್ಜ್‌ಸನ್ನರು ಹಿಂದೆ ಬಿದ್ದರು, ಆಲ್ಸಪ್ ಮತ್ತು ಬಾಸ್ ಗೆದ್ದರು. ಬಾಸ್‌ನ ಕೆಂಪು ತ್ರಿಕೋನ 1876ರಲ್ಲಿ ಬ್ರಿಟನ್ನಿನ ಮೊಟ್ಟಮೊದಲ ನೋಂದಾಯಿತ ಟ್ರೇಡ್ ಮಾರ್ಕ್ ಆಯಿತು.

ಇನ್ನು ಹೊಗೆಯ ಕಡೆ. ಹದಿನೆಂಟನೇ ಶತಮಾನದ ಕಂಪನಿ ಸಾಹೇಬ ಸೇದುತ್ತಿದ್ದದ್ದು ಹುಕ್ಕಾ, ಅದನ್ನು ನೋಡಿಕೊಳ್ಳಲು ಸಂಬಳದ ಹುಕ್ಕಾಬರದಾರ ಬೇರೆ. ಹತ್ತೊಂಬತ್ತನೆಯದರಲ್ಲಿ ಆ ವೈಭೋಗ ಕರಗಿ ಚಿರೂಟ್ ಬಂತು. ದಿಂಡಿಗಲ್ ಸೀಮೆಯ ತಂಬಾಕು, ತಿರುಚಿನಾಪಳ್ಳಿಯ ಹೆಸರು. ಚಿರೂಟ್ ಎಂಬ ಇಂಗ್ಲಿಷ್ ಪದವೇ ತಮಿಳಿನ ಸುರುಟ್ಟು, ನಮ್ಮ ಸುರುಳಿಗೆ ಹತ್ತಿರದ ನೆಂಟ. ಎರಡೂ ತುದಿ ತೆರೆದಿರುವ ಸುರುಳಿ, ಕತ್ತರಿಸುವ ಶಾಸ್ತ್ರವಿಲ್ಲ, ಹವಾನಾ ಸಿಗಾರಿನ ಮುಂದೆ ಬೆಲೆಯೂ ಕಮ್ಮಿ. 1887ರ ಮೊದಲ ಷರ್ಲಾಕ್ ಹೋಮ್ಸ್ ಕಾದಂಬರಿಯಲ್ಲಿ ಪತ್ತೇದಾರ ನೆಲದ ಮೇಲಿನ ಬೂದಿ ನೋಡಿಯೇ ಇದು ತಿರುಚಿನಾಪಳ್ಳಿ ಸಿಗಾರ್ ಎನ್ನುತ್ತಾನೆ! ಲಂಡನ್ನಿನ ಓದುಗರಿಗೂ ಅಷ್ಟು ಪರಿಚಿತ ಹೆಸರು.

ಹೀಗೆ ಬರ್ಟನ್ನಿನ ಕಹಿ ಏಲ್ ಮತ್ತು ದಿಂಡಿಗಲ್ಲಿನ ಖಾರ ಹೊಗೆ ಒಂದೇ ವರಾಂಡಕ್ಕೆ ಬಂದವು. ಇಲ್ಲಿ ಪೇಲ್ ಏಲ್ ಕೂಲಿಯವನದಲ್ಲ. ಆರು ತಿಂಗಳ ಹಾದಿ ಸವೆಸಿ ಬಂದದ್ದು, ಸಾಹೇಬರ ಊಟದ ಮೇಜಿನದು. ಅಲ್ಲಿ ಅಗ್ಗವಾದದ್ದು ಇಲ್ಲಿ ತುಟ್ಟಿ, ಅಲ್ಲಿ ತುಟ್ಟಿಯಾದದ್ದು ಇಲ್ಲಿ ಅಗ್ಗ. ರುಚಿಯೂ ಹೊಂದುತ್ತದೆ ಎನ್ನುವುದು ಸುಳ್ಳಲ್ಲ. ಹೊಗೆಯಿಂದ ನಾಲಿಗೆ ಜಡ್ಡುಗಟ್ಟುತ್ತದೆ, ಹಾಪ್ಸ್ ಕಹಿ ಮತ್ತು ನೊರೆ ಅದನ್ನು ತೊಳೆಯುತ್ತವೆ, ಮಾಲ್ಟಿನ ಸಿಹಿ ಮೆಲ್ಲಗೆ ಹಿಂದಿನಿಂದ ಬರುತ್ತದೆ. ಕಪ್ಪು ಎಲೆಯ ಸಿಗಾರಿಗೆ ಪೋರ್ಟರೋ ಸ್ಟೌಟೋ ಇನ್ನೂ ಲೇಸು. ನಮ್ಮಲ್ಲಿ ಈಗ ಸಿಗುವ ತಣ್ಣನೆಯ ಲಾಗರ್ ಮಾತ್ರ ಚಿರೂಟಿನೆದುರು ಸೋಡಾ ನೀರಿನಂತೆ ಮಾಯವಾಗುತ್ತದೆ. ಡಾಕ್ಟರು ಏನನ್ನುತ್ತಾರೆ ಎಂದು ನನ್ನ ವಯಸ್ಸಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಮುಂದೆ ಕಸೌಲಿಯ ಬೆಟ್ಟದಲ್ಲಿ ಎಡ್ವರ್ಡ್ ಡೈಯರ್ 1855ರಲ್ಲಿ ಬೀರಿನ ಕಾರ್ಖಾನೆ ಹಾಕಿದ. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಪ್ರಯಾಣ ಚಿಕ್ಕದಾಯಿತು. ಮಂಜುಗಡ್ಡೆ ಸುಲಭವಾದ ಮೇಲೆ ಲಾಗರ್ ರಾಜ್ಯಭಾರ. ದಕ್ಷಿಣದ ಬೀರು ಕಾರ್ಖಾನೆಗಳನ್ನು ಥಾಮಸ್ ಲೀಶ್‌ಮನ್ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಎಂದು ಒಂದುಗೂಡಿಸಿದ. ಮುಂದೆ ಅದು ಬಂಟ್ವಾಳ ಮೂಲದ ವಿಠ್ಠಲ ಮಲ್ಯರ ಕೈಗೆ ಬಂತು. ಇಂಡಿಯಾ ಎಂಬ ಹೆಸರು ಹೊತ್ತ ಏಲ್ ಇಂಡಿಯಾದಲ್ಲೇ ಹೆಚ್ಚುಕಮ್ಮಿ ಕಾಣೆಯಾಯಿತು.

ಈ ಜೋಡಿಯ ಕೊನೆಗಾಲದ ಸಾಹೇಬ ಎಂದರೆ ನನಗೆ ನೆನಪಾಗುವುದು ವಿನ್‌ಸ್ಟನ್ ಚರ್ಚಿಲ್. 1895ರಲ್ಲಿ ಕ್ಯೂಬಾಕ್ಕೆ ಹೋಗಿ ಹವಾನಾ ಸಿಗಾರಿನ ರುಚಿ ಹಿಡಿದು ಬಂದವನು. ಮರುವರ್ಷ ನಮ್ಮ ಮುಂಬಯಿಯ ಸಸೂನ್ ಡಾಕಿನಲ್ಲಿ ಇಳಿಯುವಾಗ ಕಬ್ಬಿಣದ ಬಳೆ ಹಿಡಿದು ಭುಜ ಉಳುಕಿಸಿಕೊಂಡ, ಅದು ಜೀವನಪರ್ಯಂತ ಕಾಡಿತು. ಅಲ್ಲಿಂದ ಬೆಂಗಳೂರು ದಂಡು, ಪೋಲೋ, ಗುಲಾಬಿ ತೋಟ, ಪುಸ್ತಕಗಳು. ಬೆಂಗಳೂರು ಕ್ಲಬ್ಬಿನ 1899ರ ಲೆಡ್ಜರಿನಲ್ಲಿ ವಸೂಲಾಗದ ಬಾಕಿಗಳ ಪಟ್ಟಿ ಇದೆ. ಅದರಲ್ಲಿ ಲೆಫ್ಟಿನೆಂಟ್ ಚರ್ಚಿಲ್ಲನ ಹೆಸರಿನ ಮುಂದೆ 13 ರೂಪಾಯಿ. ಹಾಡ್ಜ್‌ಸನ್ನನ ಕಪ್ತಾನರು ಹದಿನೆಂಟು ತಿಂಗಳಿಗಾದರೂ ಬಂದು ಕೊಡುತ್ತಿದ್ದರು. ಇದು ನಮ್ಮ ಭಾಷೆಯಲ್ಲಿ ನೇರ ರೈಟ್ ಆಫ್.