ಕೈತುತ್ತು ಅಂಗಡಿಗೆ ಯಾಕೆ ಬರಲಿಲ್ಲ? ಮಿರಜ ಮಾರ್ಗದ ಒಂದು ಪ್ರಶ್ನೆ

ಟೋಕಿಯೊದ ಅಸಾಕುಸಾದಲ್ಲಿ 'ಯಾದೊರೊಕು' ಅಂತ ಒಂದು ಪುಟ್ಟ ಅಂಗಡಿ ಇದೆ, 1954ರದು. ಗಿರಾಕಿ ಎದುರಿಗೇ ಕೂತಿರುತ್ತಾನೆ. ಬಿಸಿ ಅನ್ನವನ್ನು ಕೈಯಲ್ಲಿ ಒತ್ತಿ ಒನಿಗಿರಿ ಮಾಡಿ ಕೊಡುತ್ತಾರೆ. ಅನ್ನ ಉಂಡೆಗಟ್ಟುವುದು ನಮಗೇನೂ ಹೊಸದಲ್ಲ. ಕೈತುತ್ತು ಇದೆ, ಹೊಲಕ್ಕೆ ಒಯ್ಯುವ ಮೊಸರುಬುತ್ತಿ ಇದೆ. ಆದರೆ ಸಾಂಗ್ಲಿ-ಮಿರಜ ಕಡೆ ಅಂಗಡಿಯಲ್ಲಿ ಹೆಸರು ಮಾಡಿದ ಅಕ್ಕಿ ತಿನಿಸು ಭಡಂಗ: ಬೆಳ್ಳುಳ್ಳಿ, ಖಾರ, ಶೇಂಗಾ ಹಾಕಿದ ಚುರುಮುರಿ. ಯಾಕೆ?

ಇದು ಜೋಳದ ಸೀಮೆ, ಅನ್ನ ಹಳಸುತ್ತದೆ ಎನ್ನುವ ಉತ್ತರ ಅರ್ಧ ಮಾತ್ರ ಸರಿ. ಅನ್ನ ಜಪಾನಿನಲ್ಲೂ ಹಳಸುತ್ತದೆ. ಅದಕ್ಕೇ ಒಳಗೆ ಉಪ್ಪಿನ ಉಮೆಬೋಶಿ ಇಡುತ್ತಾರೆ. 1885ರಲ್ಲಿ ಉತ್ಸುನೊಮಿಯಾ ರೈಲು ನಿಲ್ದಾಣದಲ್ಲಿ ಇಂಥ ಉಂಡೆ ಮಾರಿದರು ಎಂದು ಅಲ್ಲಿಯವರು ಹೇಳುತ್ತಾರೆ. ಅದೇ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ನಮ್ಮ ಕಡೆ ಹಳಿ ಹಾಕುತ್ತಿತ್ತು. 1891ಕ್ಕೆ ಮಿರಜದಿಂದ ಕೊಲ್ಲಾಪುರಕ್ಕೂ ರೈಲು ಬಂತು.

ನನ್ನ ವಾದ ಇಷ್ಟೇ: ಉಳಿದರ್ಧ ಉತ್ತರ 'ಮುಸುರೆ' ಅನ್ನುವ ಮಾತಿನಲ್ಲಿದೆ. ನೀರಲ್ಲಿ ಬೆಂದ ಅನ್ನ ಮುಸುರೆ. ಅದನ್ನು ಯಾರ ಕೈಯಿಂದ ಉಣ್ಣಬೇಕು ಅನ್ನೋದಕ್ಕೆ ಜಾತಿಯ ಲೆಕ್ಕ ಬಲು ಬಿಗಿ. ಕಾದ ಉಸುಕಿನಲ್ಲಿ ಹುರಿದು ಅರಳಿಸಿದ ಚುರುಮುರಿಗೆ ಅಷ್ಟು ಬಿಗಿ ಇಲ್ಲ. ಕೈಯಿಂದ ಕೈಗೆ ದಾಟಿ ಹೋಗುತ್ತದೆ.

ಹಾಗಂತ ಒಣ ತಿನಿಸು ಎಲ್ಲರನ್ನೂ ಬಿಡುಗಡೆ ಮಾಡಿತು ಅನ್ನಬೇಡಿ. ಪುಣೆ-ಮಿರಜ ಮಾರ್ಗದಲ್ಲಿ ಮಸೂರ ಅನ್ನೋ ನಿಲ್ದಾಣವಿದೆ. 1901ರಲ್ಲಿ ಬಾಲಕ ಅಂಬೇಡ್ಕರ್ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಅಲ್ಲಿ ಇಳಿದು ಗಾಡಿಯಲ್ಲಿ ಮುಂದೆ ಹೋದರು. ಬುತ್ತಿ ತುಂಬ ಊಟವಿತ್ತು. ದಾರಿಯಲ್ಲಿ ನೀರು ಕೊಡುವವರಿರಲಿಲ್ಲ, ಆ ರಾತ್ರಿ ಮಕ್ಕಳು ಉಪವಾಸ ಮಲಗಿದರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಇದನ್ನು ಬರೆದಿದ್ದಾರೆ. ಆಹಾರದ ಇತಿಹಾಸ ಬರೆಯುವ ನಾವು ತಿನಿಸಿನ ಬಗ್ಗೆಯೇ ಬರೆಯುತ್ತೇವೆ, ನೀರನ್ನು ಮರೆಯುತ್ತೇವೆ.

ಶಾಹೂ ಮಹಾರಾಜರಿಗೆ ಇದು ಗೊತ್ತಿತ್ತು. ದಲಿತರಾದ ಗಂಗಾರಾಮ ಕಾಂಬಳೆ ಅವರಿಗೆ ಕೊಲ್ಲಾಪುರದಲ್ಲಿ ಚಹಾದಂಗಡಿ ಇಡಲು ನೆರವಾದ ದೊರೆ, ತಾವೇ ಅಲ್ಲಿ ಹೋಗಿ ಎಲ್ಲರೆದುರು ಚಹಾ ಕುಡಿದರು, ಜೊತೆಗಿದ್ದವರಿಗೂ ಕುಡಿಸಿದರು. ದುಡ್ಡು ಕೊಟ್ಟು ಸುಮ್ಮನಿರಬಹುದಿತ್ತು. ಆದರೆ ಗಿರಾಕಿಯೇ ಬರದಿದ್ದರೆ ಅಂಗಡಿ ಎಲ್ಲಿಯದು?

ಬೆಳಗಾವಿ, ವಿಜಯಪುರದ ಕಡೆ ಹೋದರೆ 'ಲಿಂಗಾಯತ ಖಾನಾವಳಿ' ಅನ್ನೋ ಬೋರ್ಡು ಈಗಲೂ ಕಾಣುತ್ತದೆ ನೋಡ್ರಿ. ಒಳಗೆ ಏನು ಸಿಗುತ್ತದೆ ಅನ್ನೋದಕ್ಕಿಂತ ಮೊದಲು, ಯಾರ ಕೈ ಅಡುಗೆ ಅಂತ ಅದು ಹೇಳುತ್ತದೆ.